ಬೂದು ಮೊಲ ನಮ್ಮ ಮನೆಗೆ ಬಂದದ್ದು

ಮೊಲ ಕಚ್ಚುತ್ತದೆ ಎಂದರೆ ಈಗಲೂ ಕೆಲವರು ನಂಬುವುದಿಲ್ಲ. ಮೊಲವೆಂದರೆ ಹೆದರುಪುಕ್ಕಲು, ಎಲೆ ಅಲ್ಲಾಡಿದರೆ ಓಡುವ ಪ್ರಾಣಿ ಎಂದೇ ಎಲ್ಲರ ಲೆಕ್ಕ. ಒಂದು ಮೊಲ ಇನ್ನೊಂದನ್ನು ಕಚ್ಚಿ ಹರಿದುಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ನಮ್ಮ ಮನೆಯ ಹಿತ್ತಲಲ್ಲಿ, ನಾನೇ ಬಾಗಿಲು ಹಾಕಿದ ಗೂಡಿನಲ್ಲಿ ನಡೆಯಿತು.

ನಮ್ಮ ಮನೆ ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿತ್ತು. ಸ್ವಾತಂತ್ರ್ಯ ಬಂದು ಮೂರೋ ನಾಲ್ಕೋ ವರ್ಷವಾಗಿತ್ತು, ನನಗೆ ಹದಿಮೂರು ವಯಸ್ಸು. ಎದುರು ಮನೆಯವರು ಲಿಂಗವಂತರು. ಬಳೇಪೇಟೆಯಲ್ಲಿ ಅವರಿಗೆ ತಾತನ ಕಾಲದಿಂದ ಬಂದ ಬಳೆ ಅಂಗಡಿಯಿತ್ತು. ಆ ಮನೆಯ ಹುಡುಗಿಯೂ ನಾನೂ ಒಂದೇ ತರಗತಿ, ಒಂದೇ ಬೆಂಚು. ಬೆಳಿಗ್ಗೆ ಅವಳು ನಮ್ಮ ಗೇಟಿನ ಹತ್ತಿರ ಬಂದು ಕೂಗುತ್ತಿದ್ದಳು, ಸಂಜೆ ಇಬ್ಬರೂ ಜೊತೆಯಲ್ಲೇ ವಾಪಸು ಬರುತ್ತಿದ್ದೆವು. ಅವಳಿಗಿಂತ ಹತ್ತಿರದವರು ನನಗೆ ಬೇರೆ ಯಾರೂ ಇರಲಿಲ್ಲ.

ನಮ್ಮ ಮನೆಗೆ ಮೊಲ ತಂದವರು ನನ್ನ ಸೋದರಮಾವ. ದಂಡಿನ, ಅಂದರೆ ಕಂಟೋನ್ಮೆಂಟಿನ, ಮಾರುಕಟ್ಟೆಯಲ್ಲಿ ಮಾಂಸಕ್ಕೆಂದು ಬುಟ್ಟಿಯಲ್ಲಿಟ್ಟಿದ್ದ ಒಂದು ಬಿಳಿ ಮೊಲವನ್ನು ನೋಡಲಾರದೆ ಕೊಂಡುಬಂದಿದ್ದರು. ಅಪ್ಪ ಸೀಮೆಎಣ್ಣೆ ಡಬ್ಬಗಳು ಬರುತ್ತಿದ್ದ ಎರಡು ಮರದ ಪೆಟ್ಟಿಗೆ ಜೋಡಿಸಿ, ಮುಂದಕ್ಕೆ ತಂತಿ ಜಾಲರಿ ಹೊಡೆದು, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಒಂದು ಗೂಡು ಮಾಡಿಕೊಟ್ಟರು. ಅದು ಹೆಣ್ಣು ಮೊಲ. ಎತ್ತಿಕೊಂಡರೆ ಮೆತ್ತಗೆ ಮಡಿಲಲ್ಲಿ ಕೂರುತ್ತಿತ್ತು. ಆದರೆ ಅದು ಗೂಡಿನಲ್ಲಿರುವಾಗ ಸೊಪ್ಪು ಹಾಕಲು ಕೈ ಚಾಚಿದರೆ ಕಿವಿ ಹಿಂದಕ್ಕೆ ಮಲಗಿಸಿ, ಗುರ್ ಎಂದು ಮುಂಗಾಲಿನಿಂದ ಕೈಗೆ ಹೊಡೆಯುತ್ತಿತ್ತು. ನನಗೆ ಅದು ತಮಾಷೆಯಾಗಿ ಕಾಣುತ್ತಿತ್ತು. ಬಂದವರಿಗೆಲ್ಲ ಕೈ ಹಾಕಿ ತೋರಿಸುತ್ತಿದ್ದೆ.

ನನ್ನ ಮೊಲ ನೋಡಿ ಗೆಳತಿಗೂ ಆಸೆಯಾಯಿತು. ಅವರ ಅಜ್ಜಿ ಒಂದು ಗಂಡು ಮೊಲ ತರಿಸಿಕೊಟ್ಟರು. ಬೂದು ಬಣ್ಣ, ಕಿವಿಯ ತುದಿ ಮಾತ್ರ ಕಪ್ಪು. ಆ ಅಜ್ಜಿಗೆ ಮೊಲ ಹೊಸದಲ್ಲ. ಅವರ ಯಜಮಾನರು ಬದುಕಿದ್ದಾಗ ಹಿತ್ತಲಲ್ಲಿ ಪಾರಿವಾಳ, ಮೊಲ ಎಲ್ಲ ಸಾಕುತ್ತಿದ್ದರಂತೆ. ಮೊಲ ಏನು ತಿನ್ನುತ್ತದೆ, ಯಾವ ಸೊಪ್ಪಿಗೆ ಹೊಟ್ಟೆ ಉಬ್ಬುತ್ತದೆ ಎಂದು ಅವರನ್ನು ಕೇಳಿದರೆ ಬಳೆ ಜೋಡಿಸುವ ಕೆಲಸ ಬಿಟ್ಟು ನಮಗೆ ಹೇಳುತ್ತ ಕೂರುತ್ತಿದ್ದರು.

ಮರಿ ಬೇಕು ಎಂಬ ಆಸೆ ನಮ್ಮಿಬ್ಬರಿಗೂ ಒಟ್ಟಿಗೇ ಬಂತು. ಅಜ್ಜಿಯನ್ನು ಕೇಳಿದಾಗ ಅವರು ನಕ್ಕು ನನ್ನ ಕಡೆ ತಿರುಗಿದರು.

"ನಿಮ್ಮದನ್ನ ಇಲ್ಲಿಗೆ ತಗೊಂಡ್ ಬಾ ಮಗಾ. ಹೆಣ್ಣು ಮೊಲ ತನ್ನ ಗೂಡಲ್ಲಿ ಇನ್ನೊಂದನ್ನ ಸೇರ್ಸಲ್ಲ, ಕಚ್ಚಿ ಹಾಕ್ಬಿಡುತ್ತೆ. ಗಂಡಿನ ಜಾಗಕ್ಕೆ ಬಂದ್ರೆ ತೆಪ್ಪಗಿರುತ್ತೆ. ನಾನು ಹತ್ರ ಕೂತ್ಕೊಂಡು ನೋಡ್ಕೋತೀನಿ."

ಈ ಮಾತನ್ನು ನಾನು ನನ್ನ ಕಿವಿಯಿಂದಲೇ ಕೇಳಿದ್ದೆ. ಅರ್ಥವೂ ಆಗಿತ್ತು. ಅದನ್ನು ಇಲ್ಲಿ ಬರೆದಿಡಬೇಕು.

ಆದರೆ ಅಷ್ಟು ಹೊತ್ತಿಗೆ ನಾನು ನಮ್ಮ ರಸ್ತೆಯ ಇನ್ನಿಬ್ಬರು ಹುಡುಗಿಯರಿಗೆ, ಭಾನುವಾರ ಮಧ್ಯಾಹ್ನ ನಮ್ಮ ಹಿತ್ತಲಲ್ಲಿ ಮೊಲದ ಮದುವೆ, ಬನ್ನಿ ಎಂದು ಹೇಳಿಬಿಟ್ಟಿದ್ದೆ. ಗೆಳತಿಯ ಮನೆ ದೊಡ್ಡದು. ಅಲ್ಲಿ ರೇಡಿಯೋ ಇತ್ತು, ಉಯ್ಯಾಲೆ ಇತ್ತು, ಹೋದಾಗಲೆಲ್ಲ ಕೈಗೆ ಎರಡು ಹೊಸ ಬಳೆ ಬೀಳುತ್ತಿದ್ದವು. ಯಾವಾಗಲೂ ನಾನು ಅಲ್ಲಿಗೆ ಹೋಗುವವಳು. ಒಂದು ಸಲವಾದರೂ ನೋಡುವಂಥದ್ದು ನಮ್ಮ ಮನೆಯಲ್ಲಿ ನಡೆಯಬೇಕು, ಅವಳು ಬಂದು ನಿಂತು ನೋಡಬೇಕು ಎಂದು ನನಗೆ ಹಟ. ಅದನ್ನು ಹಾಗೇ ಹೇಳಲು ಬಾಯಿ ಬರಲಿಲ್ಲ. ಬಾಯಿಗೆ ಬಂದದ್ದು ಬೇರೆ.

ಶನಿವಾರ ಶಾಲೆಯಿಂದ ಬರುವಾಗ ಹೇಳಿದೆ: "ನಮ್ಮಜ್ಜಿ ಮೊಲ ಕಳಿಸ್ಬೇಡ ಅಂದ್ರು ಕಣೇ. ನಿಮ್ಮನೇಲಿ ಬಿಟ್ರೆ ಆಮೇಲೆ ನಮ್ಮನೆ ಒಳಗೆ ಸೇರಿಸ್ಕೊಳ್ಳಲ್ವಂತೆ. ನೀನೇ ನಿಮ್ಮದನ್ನ ತಗೊಂಡ್ ಬಾ."

ಅವಳು ನಡೆಯುವುದನ್ನು ನಿಲ್ಲಿಸಿದಳು. ಕತ್ತಿನಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಹಿಡಿದುಕೊಂಡು ನನ್ನ ಮುಖವನ್ನೇ ನೋಡಿದಳು.

"ಮೊಲಕ್ಕೂನಾ?" ಎಂದಳು.

ನಾನು ಹೂಂ ಎಂದೆ.

ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಮೊಲದ ವಿಷಯದಲ್ಲಿ ಒಂದು ಮಾತನ್ನೂ ಆಡಿರಲಿಲ್ಲ. ಎದುರು ಮನೆಯಲ್ಲೂ ಮೊಲ ಇದೆ ಎಂಬುದೇ ಅವರಿಗೆ ಸರಿಯಾಗಿ ಗೊತ್ತಿತ್ತೋ ಇಲ್ಲವೋ. ಆದರೆ ನನ್ನ ಸುಳ್ಳು ನಿಂತದ್ದಕ್ಕೆ ಕಾರಣವಿತ್ತು. ಅಜ್ಜಿ ಮಡಿಯವರು. ನನ್ನ ಗೆಳತಿ ನಮ್ಮ ಮನೆಗೆ ಬಂದರೆ ನಡುಮನೆ ದಾಟಿ ಒಳಗೆ ಬರುತ್ತಿರಲಿಲ್ಲ. ಅವಳಿಗೆ ನೀರು ಕೊಡುವ ಲೋಟ ಬಚ್ಚಲಿನ ಗೂಡಿನಲ್ಲಿ ಬೇರೆಯೇ ಇರುತ್ತಿತ್ತು. ಎದುರು ಮನೆಯವರೂ ನಮ್ಮಷ್ಟೇ ಕಟ್ಟುನಿಟ್ಟು ಸಸ್ಯಾಹಾರಿಗಳು. ಅವರ ಅಜ್ಜಿಯೂ ನಮ್ಮ ಮನೆಯಲ್ಲಿ ತೊಟ್ಟು ನೀರು ಮುಟ್ಟಿದವರಲ್ಲ. ಇದನ್ನೆಲ್ಲ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ಅದರ ಪಾಡಿಗೆ ಅದು ನಡೆದುಕೊಂಡು ಹೋಗುತ್ತಿತ್ತು. ಎರಡೂ ಮನೆಯವರು ಹಾಗೆ ಮುಚ್ಚಿಟ್ಟುಕೊಂಡಿದ್ದುದನ್ನು ನಾನು ನನ್ನ ಹಟಕ್ಕಾಗಿ ಎತ್ತಿ ಅವಳ ಮುಖಕ್ಕೆ ಹಿಡಿದೆ.

ಭಾನುವಾರ ಅವಳು ಬಂದಳು. ಮನೆಯಲ್ಲಿ ಏನೂ ಹೇಳಿರಲಿಲ್ಲ. ಹೇಳಿದರೆ ಕಾರಣ ಹೇಳಬೇಕಾಗುತ್ತಿತ್ತು. ಮೊಲವನ್ನು ತರಕಾರಿ ಬುಟ್ಟಿಯಲ್ಲಿಟ್ಟು ಮೇಲೆ ಟವಲು ಮುಚ್ಚಿ, ಹಿಂದಿನ ಗಲ್ಲಿಯಿಂದ ನಮ್ಮ ಹಿತ್ತಲಿಗೆ ಬಂದಳು. ಊಟ ಮುಗಿಸಿ ದೊಡ್ಡವರೆಲ್ಲ ಮಲಗಿದ್ದರು. ನಾನು ಕರೆದಿದ್ದ ಇಬ್ಬರು ಹುಡುಗಿಯರು ಒಗೆಯುವ ಕಲ್ಲಿನ ಮೇಲೆ ಹತ್ತಿ ಕೂತಿದ್ದರು. ಗೂಡಿಗೆ ನಾನು ಕನಕಾಂಬರದ ಹಾರ ಬೇರೆ ಕಟ್ಟಿದ್ದೆ.

ಗೆಳತಿ, ಮೊದಲು ಎರಡನ್ನೂ ಅಂಗಳದಲ್ಲಿ ಬಿಡೋಣ, ಹೆಣ್ಣಿನ ಗೂಡಿಗೆ ಬೇಡ ಅಂತ ಅಜ್ಜಿ ಹೇಳಿದ್ದರಲ್ಲ ಎಂದು ಶುರುಮಾಡಿದಳು. ನಾನು ಅವಳಿಗೆ ಮಾತು ಮುಗಿಸಲು ಬಿಡಲಿಲ್ಲ. ಅಂಗಳದಲ್ಲಿ ಬಿಟ್ಟರೆ ಓಡಿಹೋದಾವು ಎಂದು ಬುಟ್ಟಿಯಿಂದ ಬೂದು ಮೊಲವನ್ನು ಎತ್ತಿ, ಗೂಡಿನೊಳಕ್ಕೆ ತಳ್ಳಿ, ಬಾಗಿಲು ಹಾಕಿ, ಚಿಲಕದ ತಂತಿಯನ್ನು ಎರಡು ಸುತ್ತು ಸುತ್ತಿದೆ.

ಬೂದು ಮೊಲ ಒಂದು ಮೂಲೆಯಲ್ಲಿ ಮುದುರಿ ಮೂಗು ಅಲ್ಲಾಡಿಸುತ್ತ ಕೂತಿತು. ನಮ್ಮದು ಕಿವಿ ಮಲಗಿಸಿತು, ಬಾಲ ಎತ್ತಿತು, ಹಿಂಗಾಲಿನಿಂದ ಹಲಗೆಯನ್ನು ದಪ್ಪೆಂದು ಬಡಿಯಿತು. ಕಲ್ಲಿನ ಮೇಲಿದ್ದ ಹುಡುಗಿಯರು ನಕ್ಕರು. ಅವರು ನಕ್ಕು ಮುಗಿಸುವಷ್ಟರಲ್ಲಿ ಅದು ಹಾರಿ ಬೂದು ಮೊಲದ ಬೆನ್ನು ಹಿಡಿದಿತ್ತು. ಆಮೇಲೆ ಯಾವುದು ಎಲ್ಲಿದೆ ಎಂದೇ ಕಾಣಲಿಲ್ಲ. ಗೂಡಿನ ತುಂಬ ಬೂದು ಕೂದಲಿನ ಗುಪ್ಪೆಗಳು ಹಾರಿ ಜಾಲರಿಗೆ ಬಂದು ಅಂಟಿಕೊಂಡವು. ಓಡಿಹೋಗಲು ಅದಕ್ಕೆ ದಾರಿಯೇ ಇರಲಿಲ್ಲ. ಮೊಲಕ್ಕೆ ದನಿ ಇಲ್ಲ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಅದು ಕಿರುಚಿತು. ಎಳೆಮಗುವಿನ ಹಾಗೆ ಕಿರುಚಿತು.

ಗೆಳತಿ ಬಾಗಿಲು ತೆಗಿ, ಬಾಗಿಲು ತೆಗಿ ಎನ್ನುತ್ತಿದ್ದಳು. ನಾನು ತಂತಿಗೆ ಕೈಹಾಕಿದವಳು ಹಿಂದೆ ತೆಗೆದೆ. ನಮ್ಮ ಮೊಲದ ಬಾಯಿ ನೋಡಿ ನನಗೆ ಹೆದರಿಕೆಯಾಯಿತು. ಅವಳೇ ನನ್ನನ್ನು ಪಕ್ಕಕ್ಕೆ ಸರಿಸಿ, ತಂತಿ ಬಿಚ್ಚಿ, ಎರಡೂ ಕೈಯನ್ನು ಒಳಗೆ ಹಾಕಿದಳು. ಅವಳ ಹೆಬ್ಬೆರಳಿನ ಬುಡಕ್ಕೆ ಹಲ್ಲು ಇಳಿಯಿತು. ಅವಳು ಕೂಗಲಿಲ್ಲ, ಕೈಯನ್ನೂ ಹಿಂದೆಳೆಯಲಿಲ್ಲ. ತನ್ನ ಮೊಲವನ್ನು ಎಳೆದು ಎದೆಗೆ ಒತ್ತಿಕೊಂಡಳು. ಬಲಗಿವಿ ಸೀಳಿ ಎರಡಾಗಿತ್ತು. ಹಿಂಗಾಲುಗಳ ನಡುವೆ, ಹೊಟ್ಟೆಯ ಕೆಳಗೆ, ರಕ್ತವಿತ್ತು.

ಆ ಹೊತ್ತಿನಲ್ಲಿ ನಾನು ಏನು ಮಾಡಿದೆ ಎಂದು ನೆನೆದರೆ ಇಷ್ಟು ವರ್ಷವಾದ ಮೇಲೂ ತಲೆ ತಗ್ಗುತ್ತದೆ. ನಾನು ನಮ್ಮ ಮೊಲವನ್ನು ಎತ್ತಿಕೊಂಡೆ. ಅದಕ್ಕೆ ಏನಾದರೂ ಆಗಿದೆಯೇ ಎಂದು ಕಿವಿ, ಹೊಟ್ಟೆ, ಪಾದ ಎಲ್ಲ ಒಂದೊಂದಾಗಿ ನೋಡಿದೆ. ಕಚ್ಚಿಸಿಕೊಂಡ ಕೈ ನನ್ನದಲ್ಲ ಎಂದು ಒಳಗೊಳಗೇ ನೆಮ್ಮದಿಯೂ ಆಯಿತು. ತಲೆಯೆತ್ತುವ ಹೊತ್ತಿಗೆ ಗೆಳತಿ ಲಂಗದ ನೆರಿಗೆಯಲ್ಲಿ ಮೊಲವನ್ನು ಸುತ್ತಿಕೊಂಡು ಹಿಂದಿನ ಗಲ್ಲಿಗೆ ಇಳಿದಿದ್ದಳು. ಬುಟ್ಟಿ, ಟವಲು ಅಲ್ಲೇ ಉಳಿದಿದ್ದವು.

ಅಮ್ಮ ಎದ್ದು ಬಂದು ಜಾಲರಿಗೆ ಅಂಟಿದ್ದ ಕೂದಲು ನೋಡಿ ಇದೇನು ಎಂದು ಕೇಳಿದಳು. ಎರಡು ಮೊಲ ಜಗಳವಾಡಿದವು ಎಂದಷ್ಟೇ ಹೇಳಿದೆ.

ಸೋಮವಾರ ಅವಳು ಶಾಲೆಗೆ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ಅವರ ತಂದೆ ಅಂಗಡಿ ಬಿಟ್ಟು ಜಟಕಾದಲ್ಲಿ ಮೊಲವನ್ನು ದನದ ಆಸ್ಪತ್ರೆಗೆ ಕರೆದುಕೊಂಡು ಹೋದದ್ದನ್ನು ನಾನು ಕಿಟಕಿಯಿಂದ ನೋಡಿದೆ. ರಸ್ತೆ ದಾಟಿದರೆ ಅವರ ಮನೆ, ದಾಟಲಿಲ್ಲ. ಬುಟ್ಟಿ ಕೊಡುವ ನೆಪವಾದರೂ ಇತ್ತು. ಅದನ್ನು ಒಲೆಗೆ ಹಾಕುವ ಸೌದೆಯ ಹಿಂದೆ ಬಚ್ಚಿಟ್ಟೆ. ಶಾಲೆಯಲ್ಲಿ ಹುಡುಗಿಯರು ಕೇಳಿದಾಗ, ಅವರ ಮೊಲ ಪುಕ್ಕಲು, ನಮ್ಮದರ ಒಂದು ಏಟಿಗೇ ಅತ್ತುಬಿಟ್ಟಿತು ಎಂದೆ. ಅವರು ನಕ್ಕಾಗ ನಾನೂ ನಕ್ಕೆ.

ಬುಧವಾರ ಅವಳು ಕೈಗೆ ಬಟ್ಟೆ ಕಟ್ಟಿಕೊಂಡು ಬಂದಳು. ನಮ್ಮ ಬೆಂಚಿಗೆ ಬರಲಿಲ್ಲ. ಹಿಂದೆ ಹೋಗಿ ಕೂತಳು.

ಗುರುವಾರ ಬೆಳಿಗ್ಗೆ ಅವರ ಅಜ್ಜಿ ನಮ್ಮ ಮನೆಗೆ ಬಂದರು. ಪೂಜೆ ಮುಗಿಸಿ ಬಂದಿದ್ದರು, ಹಣೆಯ ಮೇಲಿನ ವಿಭೂತಿ ಇನ್ನೂ ಹಸಿಯಾಗಿತ್ತು. ನಮ್ಮ ಅಜ್ಜಿ ಜಗಲಿಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ಬನ್ನಿಮ್ಮಾ, ಕೂತ್ಕೊಳ್ಳಿ ಎಂದು ಚಾಪೆ ಹಾಸಿದರು. ಎದುರುಬದುರು ಮನೆಯಲ್ಲಿ ಹನ್ನೊಂದು ವರ್ಷ ಇದ್ದರೂ ಆ ಇಬ್ಬರು ಹೆಂಗಸರು ಹಾಗೆ ಒಟ್ಟಿಗೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ನನ್ನ ಗೆಳತಿ ಅಜ್ಜಿಯ ಜೊತೆ ಬಂದವಳು ಗೇಟಿನ ಆಚೆಯೇ ನಿಂತಳು. ನಾನು ಬಾಗಿಲ ಹಿಂದೆ ಇದ್ದೆ. ನಮ್ಮ ಅಜ್ಜಿ ಕರೆದರು, ಹೊರಗೆ ಬಂದೆ.

ಅವರು ಜಗಳಕ್ಕೆ ಬಂದಿರಲಿಲ್ಲ. ಮೊದಲು ಮೊಲದ ಕ್ಷೇಮ ಹೇಳಿದರು. ಬದುಕುತ್ತದೆ, ಆದರೆ ಇನ್ನು ಅದಕ್ಕೆ ಮರಿಯಾಗುವುದು ಕಷ್ಟ ಎಂದು ಡಾಕ್ಟರು ಅಂದಿದ್ದರಂತೆ. ಆಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡು, ಪಾಠ ಹೇಳುವ ಹಾಗೆ ಹೇಳಿದರು. ಒಂದರ ಪರಿಚಯ ಇನ್ನೊಂದಕ್ಕಿಲ್ಲದೆ ಎರಡು ಮೊಲವನ್ನು ಒಂದು ಗೂಡಿಗೆ ಹಾಕಬಾರದು. ಹದಿನೈದು ದಿನವಾದರೂ ನಡುವೆ ಜಾಲರಿ ಇಟ್ಟು ಪಕ್ಕಪಕ್ಕದಲ್ಲಿಡಬೇಕು. ಇದರ ಹುಲ್ಲನ್ನು ಅದಕ್ಕೆ, ಅದರ ಹುಲ್ಲನ್ನು ಇದಕ್ಕೆ ಹಾಕಿ ವಾಸನೆ ಪಳಗಿಸಬೇಕು. ಮೊದಲ ಸಲ ಬಿಡುವಾಗ ಗಂಡಿನ ಜಾಗದಲ್ಲೋ ಎರಡರದೂ ಅಲ್ಲದ ಜಾಗದಲ್ಲೋ ಬಿಡಬೇಕು. ಜಗಳಕ್ಕೆ ಬಿದ್ದರೆ ನಡುವೆ ಕೈ ಹಾಕದೆ ಗೋಣಿಚೀಲ ಎಸೆಯಬೇಕು. ಗಾಯ ಕೂದಲಿನ ಅಡಿಯಲ್ಲಿ ಮುಚ್ಚಿಹೋಗುತ್ತದೆ, ಮೇಲಿಂದ ಏನೂ ಕಾಣುವುದಿಲ್ಲ, ಅದಕ್ಕೇ ಬೆರಳಿನಿಂದ ಕೂದಲು ಬಿಡಿಸಿ ಬಿಡಿಸಿ ನೋಡಬೇಕು, ಇಲ್ಲವಾದರೆ ಒಳಗೇ ಕೀವು ಕಟ್ಟುತ್ತದೆ.

ಇಷ್ಟು ಹೇಳಿ ನಮ್ಮ ಅಜ್ಜಿಯ ಕಡೆ ತಿರುಗಿದರು. "ತಪ್ಪು ತಿಳ್ಕೋಬೇಡಿ ಅಮ್ಮಾವ್ರೇ. ನಿಮ್ಮ ಆಚಾರ ನಿಮಗೆ, ನಮ್ಮದು ನಮಗೆ. ನಮ್ಮನೆಗೆ ಮೊಲ ಕಳಿಸೋಕಾಗಲ್ಲ ಅಂತ ನನಗೆ ಒಂದು ಮಾತು ಹೇಳಿ ಕಳಿಸಿದ್ರೆ ಸಾಕಿತ್ತು. ನಾನೇ ಬೇರೆ ದಾರಿ ಹೇಳ್ತಿದ್ದೆ. ನಮ್ಮ ಹುಡುಗಿ ನನಗೆ ಹೇಳೋಕೆ ಸಂಕೋಚ ಪಟ್ಕೊಂಡು ಹೀಗಾಯ್ತು."

ನಮ್ಮ ಅಜ್ಜಿಯ ಕೈ ಮೊರದ ಮೇಲೆ ನಿಂತಿತು. "ಮೊಲ ಕಳಿಸ್ಬೇಡ ಅಂತ ನಾನೆಲ್ಲಿ ಹೇಳ್ದೆ?" ಎಂದರು.

ನಮ್ಮ ಅಜ್ಜಿ ನನ್ನನ್ನು ನೋಡಿದರು. ಎದುರು ಮನೆಯ ಅಜ್ಜಿಗೂ ಆ ಕ್ಷಣಕ್ಕೇ ತಿಳಿದುಹೋಯಿತು. ಆದರೆ ಅವರು ದೊಡ್ಡ ಮನಸ್ಸಿನವರು. ನನ್ನ ಮುಖ ನೋಡಿ ಕನಿಕರವಾಯಿತೋ ಏನೋ, ಬೇಗನೆ, "ಮಕ್ಕಳ ಮಾತು ಬಿಡಿ. ನಮ್ಮ ಹುಡುಗೀನೇ ಏನೋ ತಪ್ಪಾಗಿ ಕೇಳಿಸ್ಕೊಂಡಿರ್ಬೇಕು" ಎಂದರು.

ತಪ್ಪಿಸಿಕೊಳ್ಳಲೆಂದು ಅವರು ನನಗೆ ಬಾಗಿಲು ತೆರೆದುಕೊಟ್ಟಿದ್ದರು. ನಾನು ಅದನ್ನು ಬೇಡ ಎನ್ನಬಹುದಿತ್ತು.

"ಹೂಂ, ಅವಳು ತಪ್ಪಾಗಿ ಕೇಳಿಸ್ಕೊಂಡಿದಾಳೆ" ಎಂದೆ.

ಗೇಟಿನ ಆಚೆ ನಿಂತಿದ್ದವಳಿಗೆ ಅದು ಕೇಳಿಸಿತು. ಅವಳು ತಿರುಗಿ ರಸ್ತೆ ದಾಟಿ ಮನೆಯೊಳಗೆ ಹೋದಳು. ಅವರ ಅಜ್ಜಿಯೂ ಎದ್ದರು. ನಮ್ಮ ಅಜ್ಜಿ ತಟ್ಟೆಯಲ್ಲಿ ಬಾಳೆಹಣ್ಣು ತಂದುಕೊಟ್ಟರು, ಒಂದನ್ನು ತೆಗೆದುಕೊಂಡು ಹೊರಟರು.

ಅಜ್ಜಿ ನನಗೆ ಹೊಡೆಯುತ್ತಾರೆ ಎಂದು ಕಾದೆ. ಅಪ್ಪನಿಗೆ ಹೇಳುತ್ತಾರೆ ಎಂದು ಕಾದೆ. ಅವರು ಅಕ್ಕಿಯನ್ನು ಪೂರ್ತಿ ಆರಿಸಿ, ಕಲ್ಲನ್ನು ಅಂಗಳಕ್ಕೆ ಚೆಲ್ಲಿ, ಆಮೇಲೆ ಹೇಳಿದರು: "ನೀನು ಸುಳ್ಳು ಹೇಳಿದ್ದು ಹಾಗಿರ್ಲಿ. ನಾನು ಹಾಗೆ ಅಂದಿರ್ತೀನಿ ಅಂತ ಅವರು ಒಂದು ಸಲಾನೂ ಅನುಮಾನ ಪಡದೆ ನಂಬಿದ್ರಲ್ಲ. ಅದಕ್ಕೆ ನಾನು ಯಾರನ್ನ ಬೈಲಿ?"

ಅಜ್ಜಿಯ ದನಿ ಹಾಗೆ ಇಳಿದದ್ದನ್ನು ನಾನು ಕೇಳಿರಲಿಲ್ಲ. ನನ್ನ ಒಂದು ಮಾತು ಗೆಳತಿಯನ್ನು ಮಾತ್ರವಲ್ಲ, ಅವರನ್ನೂ ತಲೆ ತಗ್ಗಿಸುವ ಹಾಗೆ ಮಾಡಿತ್ತು.

ಅದೇ ಸಂಜೆ ಅಜ್ಜಿ ನನ್ನ ಕೈಗೆ ಬುಟ್ಟಿ, ಒಗೆದು ಮಡಿಸಿದ ಟವಲು ಕೊಟ್ಟು, ಬಾ ಎಂದು ಮುಂದೆ ನಡೆದರು. ಸೌದೆಯ ಹಿಂದೆ ಬಚ್ಚಿಟ್ಟದ್ದು ಅವರಿಗೆ ಹೇಗೆ ಸಿಕ್ಕಿತೋ ತಿಳಿಯದು. ಅವರು ಎದುರು ಮನೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಒಳಗೆ ಹೋಗಲಿಲ್ಲ, ಜಗಲಿಯಲ್ಲೇ ನಿಂತರು. ಮೊಲವನ್ನು ತರಿಸಿ ನೋಡಿದರು. ಗಾಯ ವಾಸಿಯಾಗುವವರೆಗೂ ದಿನಾ ಬೆಳಿಗ್ಗೆ ಇವಳು ಬಂದು ತೊಳೆದು ಔಷಧಿ ಹಾಕುತ್ತಾಳೆ ಎಂದು ನನ್ನನ್ನು ಕೇಳದೆಯೇ ಮಾತು ಕೊಟ್ಟರು. ಅಷ್ಟು ಹೇಳಿ, ಕೈ ಮುಗಿದು ಬಂದುಬಿಟ್ಟರು. ಅಷ್ಟಾದರೂ ಬಚ್ಚಲಿನ ಗೂಡಿನ ಲೋಟ ಅಲ್ಲೇ ಇತ್ತು. ಅಜ್ಜಿ ಇರುವವರೆಗೂ ಇತ್ತು. ಅವರು ಒಂದೇ ದಿನದಲ್ಲಿ ಬದಲಾದರು ಎಂದು ಬರೆದರೆ ಸುಳ್ಳಾಗುತ್ತದೆ.

ದಿನಾ ಶಾಲೆಗೆ ಮುಂಚೆ ಹೋದೆ. ಗೆಳತಿ ಮೊಲವನ್ನು ಗೋಣಿಯಲ್ಲಿ ಸುತ್ತಿ ಹಿಡಿದುಕೊಳ್ಳುತ್ತಿದ್ದಳು, ನಾನು ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಹತ್ತಿ ಅದ್ದಿ ತೊಳೆಯುತ್ತಿದ್ದೆ. ಅವರ ಅಜ್ಜಿ ಹೇಳಿದಂತೆ ಕೂದಲು ಬಿಡಿಸಿ ನೋಡಿದಾಗ, ಬೆನ್ನಿನ ಮೇಲೆ, ಪಕ್ಕೆಯಲ್ಲಿ, ಯಾರಿಗೂ ಕಾಣದಿದ್ದ ಇನ್ನೂ ನಾಲ್ಕು ಕಡಿತಗಳು ಸಿಕ್ಕವು. ಒಂದು ಆಗಲೇ ಬಾತುಕೊಂಡಿತ್ತು. ನನ್ನ ಕೈ ತಗಲಿದರೆ ಸಾಕು, ಮೊಲ ಗೋಣಿಯೊಳಗೇ ನಡುಗುತ್ತಿತ್ತು. ಗೆಳತಿ ಹತ್ತಿ ಕೊಡು, ಔಷಧಿ ಕೊಡು ಎನ್ನುವುದರ ಹೊರತು ನನ್ನ ಹತ್ತಿರ ಮಾತಾಡುತ್ತಿರಲಿಲ್ಲ.

ಹೀಗೆ ಒಂದು ವಾರ ಕಳೆದಿರಬೇಕು. ಒಂದು ದಿನ ತಲೆ ಬಗ್ಗಿಸಿಕೊಂಡೇ ಹೇಳಿದೆ: "ನಮ್ಮಜ್ಜಿ ಹೇಳಿರ್ಲಿಲ್ಲ. ನಾನೇ ಹೇಳಿದ್ದು."

"ಗೊತ್ತು" ಎಂದಳು. ಗೋಣಿಯನ್ನು ಬಿಗಿ ಮಾಡುತ್ತ, "ಕಾಲು ಹಿಡ್ಕೋ, ಒದೀತಿದೆ" ಎಂದಳು.

ಹಾಗೇಕೆ ಮಾಡಿದೆ ಎಂದು ಅವಳು ಕೇಳಿದ್ದರೆ ರೇಡಿಯೋ, ಉಯ್ಯಾಲೆ, ಭಾನುವಾರದ ಹುಡುಗಿಯರು, ಎಲ್ಲ ಹೇಳಬೇಕೆಂದು ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದೆ. ಅವಳು ಕೇಳಲಿಲ್ಲ.

ಮೊಲ ವಾಸಿಯಾಯಿತು. ಇನ್ನೊಮ್ಮೆ ಹಾಗಾದರೆ ಓಡಿಹೋಗಲು ದಾರಿಯಿರಲಿ ಎಂದು ಅಪ್ಪ ನಮ್ಮ ಗೂಡಿಗೆ ಎರಡನೆಯ ಬಾಗಿಲು ಮಾಡಿಸಿದರು. ಅವರ ಅಜ್ಜಿ ಬಿಡದೆ ಎರಡನ್ನೂ ಅವರ ಹಿತ್ತಲಲ್ಲಿ ಜಾಲರಿಯ ಆಚೆ ಈಚೆ ಒಂದು ತಿಂಗಳು ಇಡಿಸಿ ನೋಡಿದರು. ನಮ್ಮ ಬಿಳಿ ಮೊಲ ಅಲ್ಲಿ ಸಾಧುವಾಗಿತ್ತು, ಜಾಲರಿಯ ಹತ್ತಿರವೇ ಮಲಗುತ್ತಿತ್ತು. ಆದರೆ ಬೂದು ಮೊಲ ಅದರ ವಾಸನೆ ಬಂದ ಕೂಡಲೇ ದೂರದ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂರುತ್ತಿತ್ತು, ಹಸಿದರೂ ಈಚೆ ಬರುತ್ತಿರಲಿಲ್ಲ. ಕೊನೆಗೆ ಅಜ್ಜಿ, ಇದಕ್ಕೆ ಇಷ್ಟವಿಲ್ಲ, ಬಿಟ್ಬಿಡಿ ಎಂದರು. ನಾನು ನಮ್ಮದನ್ನು ವಾಪಸು ತಂದೆ. ಮರಿಗಳ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ನಾವು ಮತ್ತೆ ಮಾತಾಡಿದೆವು, ಮತ್ತೆ ಒಟ್ಟಿಗೆ ಶಾಲೆಗೆ ಹೋದೆವು. ಬೆಂಚು ಮಾತ್ರ ಬೇರೆ ಬೇರೆಯಾಗೇ ಉಳಿಯಿತು. ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ಅವಳಿಗೆ ಮದುವೆಯಾಯಿತು, ಮಲ್ಲೇಶ್ವರದ ಒಂದು ದೊಡ್ಡ ಮನೆಗೆ ಸೊಸೆಯಾಗಿ ಹೋದಳು. ನಾನು ಕಾಲೇಜು ಮುಗಿಸಿ ಶೇಷಾದ್ರಿಪುರದಲ್ಲಿ ಕೆಲಸಕ್ಕೆ ಸೇರಿದೆ. ಅವಳ ಮನೆ ಅಲ್ಲಿಗೆ ಹತ್ತಿರ. ಆಗೀಗ ಹೋಗುತ್ತಿದ್ದೆ.

ಆ ಮನೆಯಲ್ಲಿ ಒಂದು ಸಂಜೆ ಅವಳ ಅತ್ತೆ, ನಾದಿನಿಯರೆಲ್ಲ ಕೂತಿದ್ದಾಗ ನಮ್ಮ ಬಾಲ್ಯದ ಮಾತು ಬಂತು. ನಾನು ಮೊಲದ ಮದುವೆಯ ಕಥೆ ಹೇಳಿದೆ. ಆ ಹೊತ್ತಿಗೆ ಅದನ್ನು ಎಷ್ಟೋ ಕಡೆ ಹೇಳಿ ಹೇಳಿ ನನಗೆ ರೂಢಿಯಾಗಿತ್ತು: ಕನಕಾಂಬರದ ಹಾರ, ಕಿವಿ ಮಲಗಿಸಿದ ಮದುಮಗಳು, ಮೂಲೆಯಲ್ಲಿ ಮುದುರಿದ ಮದುಮಗ. ಎಲ್ಲಿ ಜನ ನಗುತ್ತಾರೆ ಎಂದೂ ಗೊತ್ತಿತ್ತು. ಎಲ್ಲರೂ ನಕ್ಕರು. ಗೆಳತಿಯೂ ನಕ್ಕಳು. ಅವಳ ಅತ್ತೆ ಕಣ್ಣೊರೆಸಿಕೊಂಡು, ಅಲ್ಲಮ್ಮ, ಗಂಡನ್ನ ತಗೊಂಡ್ ಹೋಗಿ ಹೆಣ್ಣಿನ ಗೂಡಿಗೆ ಹಾಕ್ತಾರಾ, ಯಾರೂ ಹೇಳಿರ್ಲಿಲ್ವಾ ನಿಮಗೆ ಎಂದು ಕೇಳಿದರು.

"ಇಲ್ಲ, ನಮಗೇನ್ ಗೊತ್ತಿತ್ತು, ಚಿಕ್ಕವರು" ಎಂದೆ.

ಗೆಳತಿ ನನ್ನ ಕಡೆ ಒಮ್ಮೆ ನೋಡಿದಳು. "ಹೌದು, ಚಿಕ್ಕವರು" ಎಂದು ತನ್ನ ಅತ್ತೆಗೆ ಹೇಳಿ, ಮಗು ಎದ್ದಿತೇನೋ ನೋಡುತ್ತೇನೆ ಎಂದು ಒಳಗೆ ಹೋದಳು. ಮಗು ಅತ್ತದ್ದು ನಮಗೆ ಯಾರಿಗೂ ಕೇಳಿಸಿರಲಿಲ್ಲ.

ಆ ಕಥೆಯನ್ನು ಆಮೇಲೆ ನಾನು ಯಾರಿಗೂ ಹೇಳಲಿಲ್ಲ. ಈಗ ಬರೆಯುವಾಗಲೂ ಆ ಶನಿವಾರದ ಮಾತಿನ ಹತ್ತಿರ ಬಂದಾಗ ಎರಡು ಸಲ ಪೆನ್ನು ಕೆಳಗಿಟ್ಟು ಎದ್ದುಹೋದೆ.